ಚಾರ್ಜ್ ಆಗುತ್ತಿಲ್ಲ: ತಕರಾರು ಕಾರಿನದೋ, ಚಾರ್ಜರ್‌ನದೋ?

ಎಲೆಕ್ಟ್ರಿಕ್ ಕಾರಿಗೆ ಚಾರ್ಜಿಂಗ್ ಗನ್ (ಕೇಬಲ್ ತುದಿಯ ಹಿಡಿ) ಸಿಕ್ಕಿಸಿದ್ದಾಯಿತು, ಆ್ಯಪ್‌ನಲ್ಲಿ ಆರಂಭದ ಗುಂಡಿ ಒತ್ತಿದ್ದಾಯಿತು, ಪೆಟ್ಟಿಗೆಯೊಳಗಿನ ಫ್ಯಾನ್ ಸದ್ದೂ ಕೇಳಿಸಿತು. ಅಷ್ಟರಲ್ಲಿ ಪರದೆಯ ಮೇಲೆ 'ದೋಷ ಉಂಟಾಗಿದೆ, ಮತ್ತೆ ಪ್ರಯತ್ನಿಸಿ' ಎಂಬ ಸಾಲು. ಯಾರ ದೋಷ, ಎಂಥ ದೋಷ, ಮತ್ತೆ ಪ್ರಯತ್ನಿಸಿದರೆ ಏನು ಬದಲಾದೀತು ಎಂಬುದನ್ನು ಆ ಸಾಲು ಹೇಳುವುದಿಲ್ಲ. ಚಾರ್ಜರ್‌ನ ಸಹಾಯವಾಣಿಯವರು ಕಾರಿನ ತೊಂದರೆ ಎನ್ನುತ್ತಾರೆ, ಕಾರಿನ ಸರ್ವೀಸ್ ಸೆಂಟರ್‌ನವರು ಚಾರ್ಜರ್‌ನ ತೊಂದರೆ ಎನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ವ್ಯವಹಾರದಲ್ಲಿ ನಡುವೆ ನಿಂತು ಒಣಗುವವರು ನಾವು.

ಜ್ವರ ಯಾರಿಗೆ ಬಂದಿದೆ ಎಂದು ಪತ್ತೆ ಮಾಡುವುದಕ್ಕೆ ಈ ಬರಹ. ಉದಾಹರಣೆಗಳು ಬಹುಪಾಲು ಟೈಪ್ 2 (ಎಸಿ, ಅಂದರೆ ಮನೆಗೆ ಬರುವ ಬಗೆಯ ಕರೆಂಟ್ ಕೊಡುವುದು) ಮತ್ತು ಸಿಸಿಎಸ್ 2 (ಡಿಸಿ, ಅಂದರೆ ಬ್ಯಾಟರಿ ತುಂಬುವ ಬಗೆಯ ಕರೆಂಟ್ ಕೊಡುವುದು) ಗನ್‌ಗಳಿಗೆ ಸೇರಿದವು. ಬೇರೆ ಬಗೆಯ ಗನ್ ಬಳಸುವವರಿಗೂ ವಿಚಾರಿಸುವ ದಾರಿ ಇದೇ, ಪಿನ್ನುಗಳ ಲೆಕ್ಕವಷ್ಟೇ ಬೇರೆ.

ನಿಂತದ್ದು ಯಾವಾಗ?

ಕಾರು, ಗನ್ ಮತ್ತು ಕೇಬಲ್, ಚಾರ್ಜರ್, ಎಲ್ಲೋ ದೂರದಲ್ಲಿರುವ ಸರ್ವರ್, ಇವೆಲ್ಲದರ ಹಿಂದಿರುವ ವಿದ್ಯುತ್ ಪೂರೈಕೆ: ಈ ಐದೂ ಒಪ್ಪಿದ ಮೇಲೆಯೇ ಕರೆಂಟ್ ಹರಿಯುವುದು. ಒಪ್ಪಿಗೆ ಕೊಡುವುದಕ್ಕೂ ಒಂದು ಸರದಿ ಇದೆ. ಹಾಗಾಗಿ ಕೆಲಸ ಯಾವ ಕ್ಷಣದಲ್ಲಿ ನಿಂತಿತು ಎಂಬುದು ತಿಳಿದರೆ ತಕರಾರು ತೆಗೆದವರು ಯಾರು ಎಂಬುದೂ ಬಹುಮಟ್ಟಿಗೆ ತಿಳಿಯುತ್ತದೆ. ಪರದೆಯ ಮಾತಿಗಿಂತ ಗಡಿಯಾರವನ್ನೂ ಕಿವಿಯನ್ನೂ ನಂಬುವುದು ನನ್ನ ಪದ್ಧತಿ.

ಇನ್ನೊಂದು ಕಟ್ಟುನಿಟ್ಟು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಗನ್ನೂ ಬದಲು, ಆ್ಯಪ್ಪೂ ಬದಲು, ಕಾರೂ ಆಫ್ ಮಾಡಿ ಆನ್ ಮಾಡಿದ್ದು ಎಂದಾದರೆ ಚಾರ್ಜ್ ಆಗಬಹುದು, ಆದರೆ ಯಾವುದರಿಂದ ಆಯಿತು ಎಂಬುದು ಮುಂದಿನ ಸಲಕ್ಕೆ ಉಳಿಯುವುದಿಲ್ಲ.

ಎಸಿ ಮತ್ತು ಡಿಸಿಯ ವ್ಯತ್ಯಾಸವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎಸಿ ಚಾರ್ಜಿಂಗ್ ಕಂಬದಲ್ಲಿ ನಿಜವಾದ ಚಾರ್ಜರ್ ಇರುವುದಿಲ್ಲ. ಅಲ್ಲಿರುವುದು ಕಾವಲು ಕಾಯುವ ಒಂದು ಸ್ವಿಚ್ಚು, ಎಸಿಯನ್ನು ಡಿಸಿ ಮಾಡುವ ಯಂತ್ರ ಕಾರಿನ ಒಳಗೇ ಇದೆ. ಡಿಸಿ ಚಾರ್ಜರ್‌ನಲ್ಲಿ ಆ ಯಂತ್ರ ಹೊರಗಿನ ದೊಡ್ಡ ಪೆಟ್ಟಿಗೆಯಲ್ಲಿರುತ್ತದೆ, ಕರೆಂಟ್ ನೇರವಾಗಿ ಬ್ಯಾಟರಿಗೆ ಹೋಗುತ್ತದೆ. ಎಲ್ಲ ಎಸಿ ಕಂಬಗಳಲ್ಲೂ ಕೈಕೊಟ್ಟು ಡಿಸಿಯಲ್ಲಿ ಸರಿಯಾಗಿ ಚಾರ್ಜ್ ಆಗುವ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಒಳಗಿನ ಆ ಪರಿವರ್ತಕವನ್ನು. ಈ ಒಂದು ಹೋಲಿಕೆ ಸಾಕು, ಸರ್ವೀಸ್ ಸೆಂಟರ್‌ನಲ್ಲಿ ಅರ್ಧ ದಿನ ಉಳಿಯುತ್ತದೆ.

ಗನ್ ಸಿಕ್ಕಿಸಿದರೂ ಯಾವ ಸದ್ದೂ ಇಲ್ಲ

ಟೈಪ್ 2 ಗನ್‌ನಲ್ಲಿ ಏಳು ಪಿನ್ನುಗಳಿವೆ. ಐದು ಕರೆಂಟಿಗೂ ಅರ್ಥಿಂಗಿಗೂ, ಸಣ್ಣವೆರಡು ಮಾತುಕತೆಗೆ. ಮಾತುಕತೆಯ ಪಿನ್ನುಗಳಲ್ಲಿ ಒಂದರ ಹೆಸರು ಕಂಟ್ರೋಲ್ ಪೈಲಟ್. ಕಾರು ಜೋಡಣೆಯಾಗದೆ ಇರುವಾಗ ಅದರಲ್ಲಿ 12 ವೋಲ್ಟ್ ಇರುತ್ತದೆ. ಜೋಡಣೆಯಾದೊಡನೆ 9ಕ್ಕೆ ಇಳಿಯುತ್ತದೆ. 'ನಾನು ಸಿದ್ಧ, ಕರೆಂಟ್ ಬಿಡು' ಎಂದು ಕಾರು ಹೇಳಿದಾಗ 6ಕ್ಕೆ ಇಳಿಯುತ್ತದೆ. 6 ವೋಲ್ಟ್ ಕಂಡ ಮೇಲೆಯೇ ಕಂಬದೊಳಗಿನ ರಿಲೇ (ಕರೆಂಟ್ ಬಿಡುವ ಸ್ವಿಚ್ಚು) 'ಟಕ್' ಎಂದು ಮುಚ್ಚಿಕೊಳ್ಳುವುದು.

ಆದ್ದರಿಂದ ಎಸಿಯಲ್ಲಿ ಆ 'ಟಕ್' ಸದ್ದೇ ದೊಡ್ಡ ಸಾಕ್ಷಿ. ಸದ್ದು ಬಂದಿದೆ ಎಂದರೆ ಕಾರೂ ಕಂಬವೂ ಒಪ್ಪಿಕೊಂಡಿವೆ. ಸದ್ದೇ ಇಲ್ಲ, ಆದರೆ ಗನ್ ಸಿಕ್ಕಿಸಿದ್ದನ್ನು ಕಾರು ಗುರುತಿಸಿ ದೀಪ ಬೆಳಗಿಸಿದೆ ಎಂದರೆ ಮಾತುಕತೆ 9 ವೋಲ್ಟಿನಲ್ಲೇ ನಿಂತಿದೆ: ಕಾರು 'ಈಗ ಬೇಡ' ಎನ್ನುತ್ತಿರಬಹುದು, ಇಲ್ಲವೇ ಕಂಬ ಅನುಮತಿಗಾಗಿ ಕಾಯುತ್ತಿರಬಹುದು. ಕಾರು ಬೇಡ ಎನ್ನುವುದಕ್ಕೆ ಅತ್ಯಂತ ಸಾಮಾನ್ಯ ಕಾರಣ ನಾವೇ ಹಿಂದೆಂದೋ ಇಟ್ಟುಕೊಟ್ಟ ವೇಳಾಪಟ್ಟಿ. ರಾತ್ರಿ ಇಷ್ಟು ಗಂಟೆಯ ಮೇಲಷ್ಟೇ ಚಾರ್ಜ್ ಆಗಬೇಕು ಎಂದು ಮನೆಯ ಅನುಕೂಲಕ್ಕೆ ಹೇಳಿದ್ದನ್ನು ಕಾರು ಮರೆಯುವುದಿಲ್ಲ, ನಾವು ಮರೆಯುತ್ತೇವೆ. ನಾನು ಒಮ್ಮೆ ಮುಕ್ಕಾಲು ಗಂಟೆ ಕಂಬವನ್ನು ಬೈದು, ಸಹಾಯವಾಣಿಯವರನ್ನೂ ಬೈದು, ಕೊನೆಗೆ ಕಾರಿನ ಮೆನುವಿನಲ್ಲಿ ಆ ಗಡಿಯಾರದ ಚಿಹ್ನೆಯನ್ನು ಕಂಡು ಯಾರಿಗೂ ಹೇಳದೆ ಹೊರಟುಹೋಗಿದ್ದೇನೆ. ಶೇಕಡಾ 80ಕ್ಕೆ ನಿಲ್ಲಿಸು ಎಂಬ ಮಿತಿಯೂ ಇದೇ ಜಾತಿಯದು. ಬ್ಯಾಟರಿ ಆಗಲೇ 81 ಇದ್ದರೆ ಕಾರು ಸುಮ್ಮನೆ ಕುಳಿತಿರುತ್ತದೆ.

ಕಾರು ಗನ್ನನ್ನು ಗುರುತಿಸಿಯೇ ಇಲ್ಲ ಎಂದಾದರೆ ವಿಷಯ ಭೌತಿಕ. ಗನ್ ಪೂರ್ತಿ ಒಳಗೆ ಹೋಗಿಲ್ಲ, ಸಣ್ಣ ಪಿನ್ನು ಬಾಗಿದೆ, ಕಾರಿನ ಚಾರ್ಜಿಂಗ್ ಬಾಯಿಯಲ್ಲಿ ಕೆಸರೋ ಜೇಡರ ಬಲೆಯೋ ಇದೆ. ಟಾರ್ಚ್ ಬಿಟ್ಟು ನೋಡಿ. ಒಣ ಬ್ರಷ್‌ನಿಂದ ಮೆಲ್ಲಗೆ ತಟ್ಟಬಹುದು. ಲೋಹದ ಕಡ್ಡಿ, ಪಿನ್ನು, ಒದ್ದೆ ಬಟ್ಟೆ, ಎಣ್ಣೆ ಯಾವುದೂ ಒಳಗೆ ಹೋಗಬಾರದು. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಪ್ಪಾಗಿದ್ದರೆ ಅಥವಾ ಸುಟ್ಟ ವಾಸನೆ ಇದ್ದರೆ ಅಲ್ಲಿಗೆ ಪ್ರಯೋಗ ನಿಲ್ಲಿಸಿ. ಆ ಗನ್ನನ್ನು ನಿಮ್ಮ ಕಾರಿಗೆ ಚುಚ್ಚುವುದು ಅದರ ರೋಗವನ್ನು ಕೊಂಡುಕೊಂಡಂತೆ.

ಆ್ಯಪ್ ಸುತ್ತುತ್ತಲೇ ಇದೆ

ಆರಂಭದ ಗುಂಡಿ ಒತ್ತಿದರೆ ನಿಮ್ಮ ಮೊಬೈಲ್ ಚಾರ್ಜರ್‌ನೊಂದಿಗೆ ನೇರವಾಗಿ ಮಾತನಾಡುವುದಿಲ್ಲ. ಮೊಬೈಲ್‌ನಿಂದ ಸರ್ವರ್‌ಗೆ, ಸರ್ವರ್‌ನಿಂದ ಚಾರ್ಜರ್‌ಗೆ ಅಪ್ಪಣೆ ಹೋಗಬೇಕು. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನಿಮ್ಮ ಮೊಬೈಲ್‌ಗೆ ಸಿಗ್ನಲ್ ಇದ್ದರೂ ಚಾರ್ಜರ್‌ನೊಳಗಿನ ಸಿಮ್‌ಗೆ ಇಲ್ಲದೆ ಇರಬಹುದು. ಇಂಥಲ್ಲಿ ಚಾರ್ಜರ್‌ಗೆ ತಾಗಿಸಿ ಗುರುತು ತೋರಿಸುವ ಆರ್‌ಎಫ್‌ಐಡಿ ಕಾರ್ಡ್ ಕೈಹಿಡಿಯುತ್ತದೆ, ಏಕೆಂದರೆ ಕೆಲವು ಚಾರ್ಜರ್‌ಗಳು ಪರಿಚಿತ ಕಾರ್ಡುಗಳ ಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಂಡಿರುತ್ತವೆ. ಅಪ್ಪಣೆಗೂ ಗನ್ನಿಗೂ ಇರುವ ಅಂತರವನ್ನೂ ಗಮನಿಸಿ. ಮೊದಲು ಅಪ್ಪಣೆ ಕೊಟ್ಟು ಆಮೇಲೆ ನಿಧಾನವಾಗಿ ಗನ್ ಬಿಡಿಸಿಕೊಳ್ಳುತ್ತಾ ನಿಂತರೆ ಗಡುವು ಮುಗಿದು ಚಾರ್ಜರ್ ಮೊದಲ ಸ್ಥಿತಿಗೆ ಮರಳಿರುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಗನ್ ಮೊದಲು, ಅಪ್ಪಣೆ ಆಮೇಲೆ.

ಇನ್ನು ಆ್ಯಪ್‌ನ ನಕ್ಷೆಯಲ್ಲಿ ಹಸಿರಾಗಿ ತೋರಿದ ಚಾರ್ಜರ್ ಸ್ಥಳಕ್ಕೆ ಹೋದಾಗ ಸತ್ತು ಬಿದ್ದಿರುವ ಕಥೆ. ಚಾರ್ಜರ್ ಮತ್ತು ಸರ್ವರ್ ನಡುವಿನ ಮಾತುಕತೆಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಒಸಿಪಿಪಿ ಎಂಬ ಮುಕ್ತ ನಿಯಮಾವಳಿ. ಅದರಲ್ಲಿ ಚಾರ್ಜರ್ ತನ್ನ ಸ್ಥಿತಿಯನ್ನು ತಾನೇ ವರದಿ ಮಾಡುತ್ತದೆ. ತನಗೆ ಅರಿವಾದ ದೋಷವನ್ನಷ್ಟೇ ಅದು ಹೇಳಬಲ್ಲದು. ಗನ್‌ನ ಕೊಕ್ಕೆ ಮುರಿದಿದ್ದರೆ, ಪರದೆ ಕುರುಡಾಗಿದ್ದರೆ, ಎದುರಿಗೆ ಲಾರಿ ನಿಂತಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಆದ್ದರಿಂದ ಹಸಿರು ಬಣ್ಣಕ್ಕೆ ನಾನು ಬೆಲೆ ಕೊಡುವುದಿಲ್ಲ. ಆ ಚಾರ್ಜರ್‌ನಲ್ಲಿ ಕೊನೆಯದಾಗಿ ಯಾರಾದರೂ ಯಾವಾಗ ಯಶಸ್ವಿಯಾಗಿ ಚಾರ್ಜ್ ಮಾಡಿದ್ದಾರೆ ಎಂಬುದು ಆ್ಯಪ್‌ನಲ್ಲಿ ಕಾಣುವಂತಿದ್ದರೆ ಅದನ್ನು ನೋಡುತ್ತೇನೆ. ಇಂದು ಬೆಳಿಗ್ಗೆ ಆಗಿದ್ದರೆ ಹೊರಡಬಹುದು. ಮೂರು ವಾರದ ಹಿಂದಾದರೆ ಹತ್ತಿರದ ಇನ್ನೊಂದನ್ನೂ ಗುರುತು ಮಾಡಿಕೊಂಡೇ ಹೊರಡಬೇಕು.

ಒಸಿಪಿಪಿ 1.6ರಲ್ಲಿ ಎರಡು ಸ್ಥಿತಿಗಳಿವೆ, ಅವು ನಮ್ಮ ಪತ್ತೇದಾರಿಕೆಗೆ ಹೇಳಿ ಮಾಡಿಸಿದಂತಿವೆ. 'ಸಸ್ಪೆಂಡೆಡ್ ಇವಿ' ಎಂದರೆ ಚಾರ್ಜರ್ ಕೊಡಲು ಸಿದ್ಧ, ಕಾರು ತೆಗೆದುಕೊಳ್ಳುತ್ತಿಲ್ಲ. 'ಸಸ್ಪೆಂಡೆಡ್ ಇವಿಎಸ್‌ಇ' ಎಂದರೆ ಕಾರು ಕೇಳುತ್ತಿದೆ, ಚಾರ್ಜರ್ ಕೊಡುತ್ತಿಲ್ಲ. ಕೆಲವು ಆ್ಯಪ್‌ಗಳು ಇದನ್ನು ಹಾಗೆಯೇ ತೋರಿಸುತ್ತವೆ. ತೋರಿಸದಿದ್ದರೆ ಸಹಾಯವಾಣಿಯವರನ್ನು ಕೇಳಿ, ಅವರ ಪರದೆಯಲ್ಲಿ ಇರುತ್ತದೆ. ಈ ಒಂದು ಪ್ರಶ್ನೆ ಕೇಳಿದ ಕೂಡಲೇ ಆ ಕಡೆಯ ಧ್ವನಿ ಬದಲಾಗುವುದನ್ನು ನಾನು ಗಮನಿಸಿದ್ದೇನೆ.

ಪರದೆಯೇ ಕಪ್ಪಾಗಿದ್ದರೆ ಅಥವಾ ಚಾರ್ಜರ್ ಏನಕ್ಕೂ ಓಗೊಡದಿದ್ದರೆ ಕೆಂಪು ತುರ್ತು ಗುಂಡಿಯನ್ನು ನೋಡಿ. ಯಾರೋ ಒತ್ತಿ ಹೋಗಿರುತ್ತಾರೆ. ಸುತ್ತಮುತ್ತ ಹೊಗೆ, ನೀರು, ಕಡಿದ ಕೇಬಲ್ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡು, ಸಹಾಯವಾಣಿಗೆ ತಿಳಿಸಿ, ಅವರು ಹೇಳಿದ ಮೇಲೆ ತಿರುಗಿಸಿ ಬಿಡಿಸಿ.

ಡಿಸಿ: ಮೊದಲ ಒಂದು ನಿಮಿಷ

ಅತಿ ಹೆಚ್ಚು ಚಾರ್ಜಿಂಗ್‌ಗಳು ಕೆಡುವುದು ಇಲ್ಲಿ, ಅತಿ ಹೆಚ್ಚು ಸುಳಿವುಗಳು ಸಿಗುವುದೂ ಇಲ್ಲೇ.

ಡಿಸಿಯಲ್ಲಿ ಮಾತುಕತೆ ಬರಿಯ ವೋಲ್ಟೇಜಿನಲ್ಲಿ ಮುಗಿಯುವುದಿಲ್ಲ. ಸಿಸಿಎಸ್‌ನಲ್ಲಿ ಅದೇ ಕಂಟ್ರೋಲ್ ಪೈಲಟ್ ತಂತಿಯ ಮೇಲೆ ಡಿಜಿಟಲ್ ಸಂದೇಶಗಳು ಸವಾರಿ ಮಾಡುತ್ತವೆ. ಮೊದಲು ಕಾರೂ ಚಾರ್ಜರೂ ಪರಸ್ಪರ ಗುರುತು ಹಿಡಿಯಬೇಕು. ಆಮೇಲೆ ನನ್ನ ಬ್ಯಾಟರಿಗೆ ಗರಿಷ್ಠ ಇಷ್ಟು ವೋಲ್ಟ್, ಇಷ್ಟು ಆಂಪಿಯರ್ ಎಂದು ಕಾರು ತಿಳಿಸುತ್ತದೆ. ಆಮೇಲೆ ಚಾರ್ಜರ್ ಕೇಬಲ್‌ಗೆ ಹೆಚ್ಚಿನ ವೋಲ್ಟೇಜ್ ಕೊಟ್ಟು ಎಲ್ಲಿಯಾದರೂ ಸೋರಿಕೆ ಇದೆಯೇ ಎಂದು ಪರೀಕ್ಷಿಸುತ್ತದೆ. ಆಮೇಲೆ ತನ್ನ ವೋಲ್ಟೇಜನ್ನು ಬ್ಯಾಟರಿಯ ವೋಲ್ಟೇಜಿನ ಮಟ್ಟಕ್ಕೆ ತರುತ್ತದೆ. ಎರಡೂ ಹತ್ತಿರ ಬಂದಾಗ ಕಾರು ತನ್ನ ದೊಡ್ಡ ಸ್ವಿಚ್ಚುಗಳಾದ ಕಾಂಟ್ಯಾಕ್ಟರ್‌ಗಳನ್ನು ಮುಚ್ಚುತ್ತದೆ. ಆಗ ಕಾರಿನ ತಳದ ಕಡೆಯಿಂದ 'ಧಪ್' ಎಂಬ ಸದ್ದು ಬರುತ್ತದೆ. ಅದೇ ಕಾರಿನ ಸಹಿ.

ಮೊದಲ ಕೆಲವೇ ಸೆಕೆಂಡುಗಳಲ್ಲಿ ಬಿದ್ದುಹೋದರೆ ಗುರುತು ಹಿಡಿಯುವ ಹಂತದಲ್ಲೇ ಎಡವಿದೆ. ಇದಕ್ಕೆ ತೀರಾ ಸರಳವಾದ ಕಾರಣವೊಂದಿದೆ: ಭಾರ. ಡಿಸಿ ಕೇಬಲ್ ದಪ್ಪ, ಅದರ ತೂಕಕ್ಕೆ ಗನ್ ಕೆಳಕ್ಕೆ ಜೋತು ಬೀಳುತ್ತದೆ, ಮೇಲ್ಭಾಗದಲ್ಲಿರುವ ಸಣ್ಣ ಪಿನ್ನುಗಳ ಸಂಪರ್ಕ ಸಡಿಲವಾಗುತ್ತದೆ. ಕೇಬಲನ್ನು ಕೈಯಲ್ಲಿ ಎತ್ತಿ ಹಿಡಿದು, ಗನ್ನನ್ನು ಕಾರಿನ ಕಡೆಗೆ ಒತ್ತಿಕೊಂಡು, 'ಧಪ್' ಕೇಳುವವರೆಗೆ ಹಾಗೇ ನಿಲ್ಲಿ. ನೋಡುವವರಿಗೆ ತಮಾಷೆಯಾಗಿ ಕಾಣಬಹುದು, ಆದರೆ ನನಗೆ ಈ ಉಪಾಯ ಕೆಲಸ ಮಾಡಿದಷ್ಟು ಸಲ ಬೇರಾವುದೂ ಮಾಡಿಲ್ಲ. ಹೀಗೆ ಸರಿಹೋದರೆ ಆ ಗನ್ ಸವೆದಿದೆ ಎಂದೇ ಅರ್ಥ, ದೂರು ಕೊಡುವಾಗ ಅದನ್ನು ಹೇಳಿ.

ಇನ್ನೂ ಸ್ವಲ್ಪ ಮುಂದೆ ಹೋಗಿ, ಪರದೆಯಲ್ಲಿ ಕೇಬಲ್ ಪರೀಕ್ಷೆ ಎಂಬಂಥ ಮಾತು ಕಾಣಿಸಿ, 'ಧಪ್' ಬರುವ ಮೊದಲೇ ನಿಂತರೆ ಸೋರಿಕೆ ಪರೀಕ್ಷೆ ಸೋತಿದೆ. ಮಳೆಯ ದಿನಗಳಲ್ಲಿ ಇದು ಹೆಚ್ಚು. ಗನ್ ಹೋಲ್ಡರ್‌ನಿಂದ ಬಿದ್ದು ನೀರಿನಲ್ಲಿ ಮಲಗಿರುತ್ತದೆ. ಒಳಗೆ ನೀರು ನಿಂತಿರುವುದು ಕಂಡರೆ ಅದನ್ನು ಬಿಟ್ಟು ಬೇರೆ ಗನ್ ಬಳಸಿ. ಅದೇ ಕಾರು ಒಣಗಿದ ಬೇರೆ ಚಾರ್ಜರ್‌ಗಳಲ್ಲೂ ಇದೇ ಹಂತದಲ್ಲಿ ನಿಂತರೆ ಆಗ ಕಾರನ್ನು ಅನುಮಾನಿಸಬೇಕು, ಮತ್ತು ಅದು ಮನೆಯಲ್ಲಿ ಕೈಹಾಕುವ ಕೆಲಸವಲ್ಲ. ಹೆಚ್ಚಿನ ವೋಲ್ಟೇಜಿನ ಕಿತ್ತಳೆ ಬಣ್ಣದ ತಂತಿಗಳಿರುವ ಕಡೆ ನಮಗೇನೂ ಕೆಲಸವಿಲ್ಲ.

ಈ ಹಂತದ ಮೂರನೆಯ ಅಪರಾಧಿ ಯಾರ ಕಣ್ಣಿಗೂ ಬೀಳುವುದಿಲ್ಲ: 12 ವೋಲ್ಟಿನ ಪುಟ್ಟ ಬ್ಯಾಟರಿ. ದೊಡ್ಡ ಬ್ಯಾಟರಿಯನ್ನು ಹೊರ ಜಗತ್ತಿಗೆ ಜೋಡಿಸುವ ಕಾಂಟ್ಯಾಕ್ಟರ್‌ಗಳಿಗೂ ಕಾರಿನ ಗಣಕಗಳಿಗೂ ಶಕ್ತಿ ಕೊಡುವುದು ಅದೇ. ಅದು ಸೊರಗಿದ್ದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳಲು ಒದ್ದಾಡುತ್ತದೆ. ಒಂದೇ ಸಲ ಸಂಬಂಧವಿಲ್ಲದ ನಾಲ್ಕಾರು ಎಚ್ಚರಿಕೆ ದೀಪಗಳು, ಬಾಗಿಲು ತೆರೆಯಲು ತಡ, ಬೇರೆ ಬೇರೆ ಚಾರ್ಜರ್‌ಗಳಲ್ಲಿ ಬೇರೆ ಬೇರೆ ದೋಷ: ಈ ಮೂರೂ ಕೂಡಿ ಬಂದರೆ ಮೊದಲು 12 ವೋಲ್ಟ್ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ. ದುಬಾರಿ ಭಾಗಗಳ ಮಾತು ಆಮೇಲೆ.

ಮತ್ತೆ ಪ್ರಯತ್ನಿಸುವುದಕ್ಕೂ ಒಂದು ಕ್ರಮವಿದೆ. ಸೋತ ಕೂಡಲೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ. ಗನ್ ತೆಗೆದು ಹೋಲ್ಡರ್‌ಗೆ ಇಡಿ, ಚಾರ್ಜರ್ ಮೊದಲ ಪರದೆಗೆ ಮರಳುವವರೆಗೆ ಕಾಯಿರಿ. ಎರಡನೆಯ ಸಲವೂ ಸೋತರೆ ಕಾರನ್ನು ಆಫ್ ಮಾಡಿ ಲಾಕ್ ಮಾಡಿ, ಕೀ ಸಮೇತ ದೂರ ಹೋಗಿ ಐದು ಹತ್ತು ನಿಮಿಷ ಬಿಟ್ಟು ಬನ್ನಿ. ಕಾರಿನ ಗಣಕಗಳು ನಿದ್ದೆಗೆ ಹೋಗಿ ಎದ್ದರೆ ಹಳೆಯ ಜಗಳವನ್ನು ಮರೆತಿರುತ್ತವೆ. ಮೂರನೆಯ ಸಲವೂ ಸೋತರೆ ಪಕ್ಕದ ಚಾರ್ಜರ್. ಅದೇ ಗನ್‌ನಲ್ಲಿ ಇನ್ನೊಬ್ಬರ ಕಾರು ಚಾರ್ಜ್ ಆದರೆ, ಅಥವಾ ನಿಮ್ಮ ಕಾರು ಇನ್ನೊಂದು ಗನ್‌ನಲ್ಲಿ ಆದರೆ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಉಪಕರಣದಿಂದಲೂ ಸಿಗದು.

ಹತ್ತು ನಿಮಿಷ ಆದ ಮೇಲೆ ನಿಂತರೆ

ಶುರುವಾಗಿ ಚೆನ್ನಾಗಿ ನಡೆದು ನಿಂತಿದ್ದರೆ ಮಾತುಕತೆಯಲ್ಲಿ ತಪ್ಪು ಹುಡುಕಬೇಡಿ, ಬಿಸಿಯನ್ನು ಹುಡುಕಿ. ಗನ್‌ನ ಪಿನ್ನುಗಳ ಬಳಿ ಉಷ್ಣಾಂಶ ಅಳೆಯುವ ಸಂವೇದಕಗಳಿರುತ್ತವೆ. ಸವೆದ ಪಿನ್ನು ಬೇಗ ಬಿಸಿಯಾಗಿ ಮೊದಲು ಕರೆಂಟ್ ತಗ್ಗುತ್ತದೆ, ಆಮೇಲೆ ನಿಲ್ಲುತ್ತದೆ. ಚಾರ್ಜರ್‌ನ ಗಾಳಿಯ ಜಾಲರಿ ಧೂಳಿನಿಂದ ಮುಚ್ಚಿಹೋಗಿದ್ದರೂ ಹೀಗೇ. ಕರೆಂಟ್ ಹಂತ ಹಂತವಾಗಿ ಇಳಿದು ನಿಂತಿತೋ, ಓಡುತ್ತಿದ್ದದ್ದು ಥಟ್ಟನೆ ನಿಂತಿತೋ ಎಂಬುದನ್ನು ನೋಡಿ. ಮೊದಲನೆಯದು ಬಿಸಿ, ಎರಡನೆಯದು ಹೆಚ್ಚಾಗಿ ವಿದ್ಯುತ್ ಪೂರೈಕೆಯ ಏರುಪೇರು, ಇಲ್ಲವೇ ಆ್ಯಪ್ ಖಾತೆಯಲ್ಲಿ ಹಣ ಮುಗಿದದ್ದು. ಕೊನೆಯದನ್ನು ಒಪ್ಪಿಕೊಳ್ಳಲು ಮುಜುಗರವಾದರೂ ಪರೀಕ್ಷಿಸುವುದು ಸುಲಭ.

ನಿಂತಿಲ್ಲ, ಆದರೆ ಆಮೆಗತಿ

ಇಲ್ಲಿ ಬಹಳ ಸಲ ದೋಷವೇ ಇರುವುದಿಲ್ಲ, ಇರುವುದು ಲೆಕ್ಕ. ಪೆಟ್ಟಿಗೆಯ ಮೇಲೆ ಬರೆದ ಕಿಲೋವ್ಯಾಟ್ ಚಾರ್ಜರ್‌ನ ಸಾಮರ್ಥ್ಯ, ನಿಮ್ಮ ಕಾರಿಗೆ ಕೊಟ್ಟ ಮಾತಲ್ಲ. 50 ಕಿಲೋವ್ಯಾಟ್‌ನ ಎಷ್ಟೋ ಚಾರ್ಜರ್‌ಗಳು 125 ಆಂಪಿಯರ್‌ಗಿಂತ ಹೆಚ್ಚು ಕೊಡಲಾರವು. 400 ವೋಲ್ಟ್ ಇದ್ದರೆ 125ರಿಂದ ಗುಣಿಸಿದಾಗ 50 ಸಾವಿರ ವ್ಯಾಟ್, ಅಂದರೆ ಸರಿಯಾಗಿ 50 ಕಿಲೋವ್ಯಾಟ್ ಬರುತ್ತದೆ. ನಿಮ್ಮ ಬ್ಯಾಟರಿ ಆ ಹೊತ್ತಿಗೆ 350 ವೋಲ್ಟ್‌ನಲ್ಲಿದ್ದರೆ ಸಿಗುವುದು 44ರ ಆಸುಪಾಸು. ಯಾರೂ ಮೋಸ ಮಾಡಿಲ್ಲ. 800 ವೋಲ್ಟ್ ವರ್ಗದ ಕಾರುಗಳ ಪಾಡು ಬೇರೆ: ಚಾರ್ಜರ್‌ನ ಮೇಲ್ಮಿತಿ 500 ವೋಲ್ಟ್ ಆಗಿದ್ದರೆ ಕೆಲವು ಕಾರುಗಳು ತಮ್ಮೊಳಗೇ ವೋಲ್ಟೇಜ್ ಏರಿಸಿಕೊಂಡು ನಿಧಾನವಾಗಿ ಚಾರ್ಜ್ ಆಗುತ್ತವೆ, ಕೆಲವು ಸಾರಾಸಗಟು ನಿರಾಕರಿಸುತ್ತವೆ.

ಎರಡು ಗನ್‌ಗಳಿರುವ ಪೆಟ್ಟಿಗೆಯಲ್ಲಿ ಪಕ್ಕದವರು ಬಂದು ಸಿಕ್ಕಿಸಿದೊಡನೆ ನಿಮ್ಮ ವೇಗ ಅರ್ಧವಾದರೆ ಅದು ಹಂಚಿಕೆ. ಬ್ಯಾಟರಿ ಶೇಕಡಾ 80 ದಾಟಿದ ಮೇಲೆ ಇಳಿದರೆ ಅದು ಬ್ಯಾಟರಿಯ ಸ್ವಭಾವ. ತುಂಬುತ್ತಾ ಬಂದ ಕೋಶಗಳಿಗೆ ಅದೇ ರಭಸದಲ್ಲಿ ತುರುಕಿದರೆ ಅವು ಹಾಳಾಗುತ್ತವೆ ಎಂದು ಕಾರೇ ಕೈ ಬಿಗಿ ಮಾಡುತ್ತದೆ. ಶೀತದಲ್ಲಿ ನಿಂತಿದ್ದ ಕಾರು ಶೇಕಡಾ 30ರಲ್ಲೂ ನಿಧಾನವಾಗಿದ್ದರೆ ಕಾರಣ ತಣ್ಣಗಿನ ಕೋಶಗಳು: ಆ ಸ್ಥಿತಿಯಲ್ಲಿ ವೇಗವಾಗಿ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಇಳಿಯುವ ಬದಲು ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತದೆ. ಕಾರಿಗೆ ಬ್ಯಾಟರಿಯನ್ನು ಮೊದಲೇ ಬೆಚ್ಚಗೆ ಮಾಡುವ ವ್ಯವಸ್ಥೆ ಇದ್ದರೆ ಚಾರ್ಜರನ್ನು ಗಮ್ಯವಾಗಿ ಇಟ್ಟುಕೊಂಡು ಬನ್ನಿ. ಬಿಸಿಲಲ್ಲಿ ಹೆದ್ದಾರಿಯ ಓಟ ಮುಗಿಸಿ ಬಂದ ಕಾರಿನ ಸಮಸ್ಯೆ ತದ್ವಿರುದ್ಧ, ಪರಿಣಾಮ ಒಂದೇ.

ಎಸಿಯಲ್ಲಿ ಇನ್ನೊಂದು ಬಲೆ. 22 ಕಿಲೋವ್ಯಾಟ್ ಎಂದು ಬರೆದ ಕಂಬ ಮೂರು ಫೇಸ್‌ಗಳಲ್ಲಿ ತಲಾ 32 ಆಂಪಿಯರ್ ಕೊಡುತ್ತದೆ. ಒಂದೇ ಫೇಸ್ ಬಳಸುವ ಕಾರಿಗೆ 230 ವೋಲ್ಟ್‌ನಲ್ಲಿ ಸಿಗುವುದು ಹೆಚ್ಚೆಂದರೆ 7.4. ಅದೇ ಕಾರು 11 ಕಿಲೋವ್ಯಾಟ್ ಕಂಬಕ್ಕೆ ಹೋದರೆ, ಅಲ್ಲಿ ಫೇಸ್‌ಗೆ 16 ಆಂಪಿಯರ್ ಮಾತ್ರ ಇರುವುದರಿಂದ, 3.7ಕ್ಕೆ ಇಳಿಯುತ್ತದೆ. ಕೇಬಲ್ ನಿಮ್ಮದೇ ಆಗಿದ್ದರೆ ಅದರ ಮಿತಿಯನ್ನೂ ನೋಡಿ. ಗನ್‌ನೊಳಗೆ ಕೇಬಲ್‌ನ ಮಿತಿಯನ್ನು ಕಂಬಕ್ಕೆ ತಿಳಿಸುವ ಒಂದು ರೆಸಿಸ್ಟರ್ ಇದೆ. 680 ಓಮ್ ಎಂದರೆ 20 ಆಂಪಿಯರ್ ಕೇಬಲ್, 220 ಓಮ್ ಎಂದರೆ 32. ಕಂಬ ಎಷ್ಟೇ ದೊಡ್ಡದಿದ್ದರೂ ಆ ರೆಸಿಸ್ಟರ್ ಹೇಳಿದ್ದನ್ನು ಮೀರುವಂತಿಲ್ಲ.

ಮನೆಯ ಸಾಕೆಟ್

ಕಾರಿನೊಂದಿಗೆ ಬಂದ ಪೋರ್ಟಬಲ್ ಚಾರ್ಜರ್ ಒಂದು ಮನೆಯಲ್ಲಿ ಹಸಿರು, ಇನ್ನೊಂದು ಮನೆಯಲ್ಲಿ ಕೆಂಪು ತೋರಿಸಿದರೆ ಅದು ಕೆಟ್ಟಿಲ್ಲ, ಸತ್ಯ ಹೇಳುತ್ತಿದೆ: ಆ ಸಾಕೆಟ್‌ಗೆ ಸರಿಯಾದ ಅರ್ಥಿಂಗ್ ಇಲ್ಲ. ಜನರೇಟರ್ ಮೇಲೆ ನಡೆಯುವಾಗ ಹೀಗಾಗುವುದಕ್ಕೆ ನ್ಯೂಟ್ರಲ್ ಅನ್ನು ಅರ್ಥಿಂಗ್‌ಗೆ ಜೋಡಿಸದಿರುವುದು ಕಾರಣ. ಅರ್ಥಿಂಗ್ ಇದೆಯೆಂದು ಚಾರ್ಜರ್‌ಗೆ ನಂಬಿಸುವ ಅಡಾಪ್ಟರ್‌ಗಳ ಸಹವಾಸ ಬೇಡ. ಟ್ರಿಪ್ ಆಗುತ್ತಿದ್ದರೆ ಬಿದ್ದ ಸ್ವಿಚ್ ಯಾವುದು ನೋಡಿ. ಕರೆಂಟ್ ಸೋರಿಕೆ ಹಿಡಿಯುವ ಸ್ವಿಚ್ ತಕ್ಷಣ ಬಿದ್ದರೆ ಸೋರಿಕೆ, ಎಂಸಿಬಿ ಅರ್ಧ ಗಂಟೆಯ ಮೇಲೆ ಬಿದ್ದರೆ ಹೊರೆ ಅಥವಾ ಸಡಿಲ ಜೋಡಣೆ. ಪ್ಲಗ್ ಕೈಯಿಟ್ಟುಕೊಳ್ಳಲಾಗದಷ್ಟು ಬಿಸಿಯಾದರೆ ಆ ರಾತ್ರಿಯೇ ಬಳಕೆ ನಿಲ್ಲಿಸಿ. ಸಾಕೆಟ್ ಬದಲಾಯಿಸಿದ ಮೇಲೂ ಕಾರಿನ ಮೆನುವಿನಲ್ಲಿ ಕರೆಂಟ್ ಮಿತಿಯನ್ನು 16ರಿಂದ 10ಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು.

ಗನ್ ಹೊರಬರುತ್ತಿಲ್ಲ

ಎಳೆದಾಡಬೇಡಿ. ಕಾರಿನ ಬಾಯಿಯಲ್ಲಿರುವ ಲಾಕ್ ಪಿನ್ನು ಗನ್ನನ್ನು ಹಿಡಿದಿರುತ್ತದೆ, ಎಳೆದಷ್ಟೂ ಪಿನ್ನಿನ ಮೇಲೆ ಒತ್ತಡ ಬಿದ್ದು ಅದು ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಚಾರ್ಜಿಂಗ್ ಪೂರ್ತಿ ನಿಲ್ಲಿಸಿ. ಕಾರನ್ನು ಒಮ್ಮೆ ಲಾಕ್ ಮಾಡಿ, ಗನ್ನನ್ನು ಒಳಕ್ಕೆ ಒತ್ತಿ ಹಿಡಿದು, ಅನ್‌ಲಾಕ್ ಮಾಡಿ. ಒತ್ತಡ ಸಡಿಲವಾದಾಗ ಪಿನ್ನು ಹಿಂದೆ ಸರಿಯುತ್ತದೆ. ಆಗಲೂ ಬರದಿದ್ದರೆ ಅನೇಕ ಕಾರುಗಳಲ್ಲಿ ಡಿಕ್ಕಿಯ ಒಳಗೋ ಬಾನೆಟ್‌ನ ಕೆಳಗೋ ಕೈಯಿಂದ ಎಳೆಯುವ ದಾರವೊಂದಿರುತ್ತದೆ. ಅದು ಎಲ್ಲಿದೆ ಎಂದು ಮಳೆಯಲ್ಲಿ ನಿಂತು ಹುಡುಕುವ ಬದಲು ಇಂದೇ ಕೈಪಿಡಿ ತೆರೆದು ನೋಡಿಟ್ಟುಕೊಳ್ಳಿ.

ದೂರು ಕೊಡುವಾಗ

'ಚಾರ್ಜ್ ಆಗಲಿಲ್ಲ' ಎಂಬ ದೂರಿಗೆ 'ಪರಿಶೀಲಿಸುತ್ತೇವೆ' ಎಂಬ ಉತ್ತರವಷ್ಟೇ ಬರುತ್ತದೆ. ಬದಲಿಗೆ ಚಾರ್ಜರ್‌ನ ಸಂಖ್ಯೆ, ಯಾವ ಗನ್, ಗಂಟೆ ಮತ್ತು ನಿಮಿಷ, ಬ್ಯಾಟರಿಯ ಶೇಕಡಾ, ಆರಂಭಿಸಿದ ಎಷ್ಟು ಸೆಕೆಂಡಿಗೆ ನಿಂತಿತು, 'ಧಪ್' ಕೇಳಿತೇ ಇಲ್ಲವೇ, ಪಕ್ಕದ ಗನ್‌ನಲ್ಲಿ ಏನಾಯಿತು ಎಂಬುದನ್ನು ಬರೆದು, ಪರದೆಯ ಫೋಟೊ ಜೊತೆಗೆ ಕಳಿಸಿ. ಗಂಟೆ ನಿಮಿಷ ಇದ್ದರೆ ಅವರು ಸರ್ವರ್‌ನ ದಾಖಲೆಯಲ್ಲಿ ಆ ಸಾಲನ್ನೇ ಹುಡುಕಬಲ್ಲರು. ಅದೇ ಚೀಟಿಯ ಒಂದು ಪ್ರತಿ ಕಾರಿನ ಸರ್ವೀಸ್ ಸೆಂಟರ್‌ಗೂ ಇರಲಿ. ಹಣ ಕಡಿತವಾಗಿ ಯೂನಿಟ್ ಸೊನ್ನೆ ತೋರಿಸಿದ್ದರೆ ಆ ರಸೀದಿಯನ್ನೂ ಅಂದೇ ಲಗತ್ತಿಸಿ.